ಅಜ್ಜಿಯ ‘ಗ್ಯಾಸ್ಟ್ರಿಕ್’, ಮೊಮ್ಮಗನ ಯಂತ್ರ

ಕೃತಕ ಬುದ್ಧಿಮತ್ತೆ ಈಗ ಇಂಜಿನಿಯರಿಂಗ್ ಕಾಲೇಜುಗಳ ದಿನನಿತ್ಯದ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ತುಮಕೂರಿಗೋ ಬೆಂಗಳೂರಿಗೋ ಓದಲು ಹೋದ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳುವುದುಂಟು. ರೋಗಲಕ್ಷಣ ಹೇಳಿದರೆ ಕಾಯಿಲೆ ಯಾವುದೆಂದು ತಿಳಿಸುವ ಆಪ್ ಎಂದರೆ ಅವರಿಗೆ ಉತ್ಸಾಹ. ಮಾದರಿ ಸಿದ್ಧವಾಗಿ ಪರೀಕ್ಷಕರ ಮುಂದೆ ಓಡಿದರೆ ಮಾರ್ಕ್ಸ್ ಬರುತ್ತದೆ. ಅದು ಮನೆಯ ಹಿರಿಯರ ಕೈಗೆ ಬಂದಾಗ ಏನಾಗುತ್ತದೆ ಎಂದು ನೋಡುವವರು ಕಡಿಮೆ.

ಒಂದೇ ಪದವನ್ನು ತೆಗೆದುಕೊಳ್ಳೋಣ: ‘ಗ್ಯಾಸ್ಟ್ರಿಕ್’. ನಮ್ಮ ಕಡೆ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಬೆನ್ನು ಹಿಡಿಯುವುದು, ಕಡೆಗೆ ಹೃದಯಾಘಾತದ ನೋವು ಕೂಡ ಗ್ಯಾಸ್ಟ್ರಿಕ್ಕೇ. ‘ಎದೆ ಹಿಡ್ಕೊಂಡಂಗಾಗ್ತೈತೆ ಡಾಕ್ಟ್ರೇ, ಗ್ಯಾಸ್ಟ್ರಿಕ್ ಇರ್ಬೇಕು’ ಎನ್ನುತ್ತಾ ಬಂದವರ ಇಸಿಜಿ ತೆಗೆದರೆ ಕೆಲವರಲ್ಲಿ ಕಾಣುವುದು ಹೃದಯಾಘಾತ. ಅಷ್ಟು ಹೊತ್ತಿಗೆ ಜೀರಿಗೆ ನೀರು, ಸೋಡಾ, ಅಂಗಡಿಯ ಮಾತ್ರೆ ಎಲ್ಲವೂ ಆಗಿರುತ್ತದೆ.

ಹೃದಯಾಘಾತದ ನೋವು ಸಾಮಾನ್ಯವಾಗಿ ಎದೆಯ ನಡುಭಾಗದಲ್ಲಿ ಭಾರ ಹೇರಿದಂತೆ ಇರುತ್ತದೆ. ಎಡತೋಳು, ದವಡೆ, ಬೆನ್ನಿಗೆ ಹರಡಬಹುದು. ಬೆವರು, ವಾಂತಿ, ಏದುಸಿರು ಜೊತೆಗೂಡಬಹುದು. ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಮಾತ್ರ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳ ಸೂಕ್ಷ್ಮತೆ ಕುಂದಿರುವುದರಿಂದ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಕಾಣಿಸಿಕೊಳ್ಳುವುದೂ ಉಂಟು.

ಯಂತ್ರ ಕಲಿಯುವುದು ಬರಹದಿಂದ. ಅದು ಓದಿದ ರಾಶಿ ಬರಹದಲ್ಲಿ ಈ ಪದದ ನೆರೆಯಲ್ಲಿರುವುದು ಜಠರ, ಆಮ್ಲ, ಹುಣ್ಣು. ಆದ್ದರಿಂದ ‘ಖಾರ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ’ ಎಂಬ ಉತ್ತರ ಬರುವ ಸಂಭವವುಂಟು. ಸಲಹೆ ತಪ್ಪಲ್ಲ, ಕಾಯಿಲೆ ಬೇರೆ.

ಪಾವಗಡದಲ್ಲಿ ಇನ್ನೊಂದು ತೊಡಕಿದೆ. ಆಂಧ್ರದ ನೆಲ ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದಲ್ಲಿ ‘ಆಯಾಸ’ ಎಂದರೆ ದಣಿವು. ತೆಲುಗಿನಲ್ಲಿ ‘ಆಯಾಸಂ’ ಎಂದರೆ ಏದುಸಿರು. ಎರಡೂ ಭಾಷೆ ಬೆರೆಸಿ ಆಡುವ ಅಜ್ಜಿ ‘ಆಯಾಸ’ ಎಂದಾಗ ಯಂತ್ರ ವಿಶ್ರಾಂತಿ ಹೇಳಿದರೆ, ಹೃದಯ ಸೋಲುತ್ತಿರುವುದು ಗೊತ್ತಾಗುವುದು ಹೇಗೆ? ಅಲ್ಲಿನ ನೀರಿನ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲಿನ ಚಿತ್ರ ಕೊಟ್ಟರೆ, ಬೇರೆಡೆಯ ಹಲ್ಲುಗಳನ್ನು ನೋಡಿ ಕಲಿತ ಯಂತ್ರ ಅದನ್ನು ಹುಳುಕು ಎಂದೂ ಹೇಳೀತು.

ಇನ್ನು ಫೋನು ಯಾರದು ಎಂಬ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಅದು ಮಗನದು ಅಥವಾ ಗಂಡನದು. ಬಿಳಿಸೆರಗಿನ ತೊಂದರೆಯನ್ನು ಸೊಸೆ ಆ ಫೋನಿಗೆ ಹೇಳಿಯಾಳೆ? (ವೈದ್ಯರಿಗೆ ಹೇಳುವುದಕ್ಕೇ ಹಿಂಜರಿಕೆ!) ಇದಕ್ಕೆ ವಿರುದ್ಧವಾದದ್ದೂ ಇದೆ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ‘ಎಲೈಜಾ’ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿದರು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಆದರೂ ಅವರ ಕಾರ್ಯದರ್ಶಿ ಅದರೊಡನೆ ಮಾತಿಗೆ ಕುಳಿತಾಗ ಅವರನ್ನೇ ಕೊಠಡಿಯಿಂದ ಆಚೆ ಹೋಗಲು ಕೇಳಿಕೊಂಡರಂತೆ. ಹೀಗೆ ಮನಸ್ಸು ಬಿಚ್ಚಿ ಹೇಳಿದ ಮಾತು ಎಲ್ಲಿ ಶೇಖರವಾಗುತ್ತದೆ ಎಂಬುದನ್ನು ಮಾದರಿ ತಯಾರಿಸುವವರು ಮೊದಲೇ ಯೋಚಿಸಬೇಕು.

ಪ್ರಾಜೆಕ್ಟ್ ಮಾಡುವ ಮಕ್ಕಳೇ, ರಜೆಗೆ ಬರುವಾಗ ನಿಮ್ಮ ಮಾದರಿಯನ್ನು ಊರಿಗೆ ತನ್ನಿ. ಅಜ್ಜಿಯ ಮುಂದೆ, ಆಶಾ ಕಾರ್ಯಕರ್ತೆಯ ಮುಂದೆ ಇಡಿ. ಅವರು ಆಡುವ ಮಾತನ್ನು ತಿದ್ದದೆ ಬರೆದುಕೊಳ್ಳಿ. ಗ್ಯಾಸ್ಟ್ರಿಕ್ ಎಂದೊಡನೆ ಉತ್ತರ ಕೊಡುವ ಬದಲು ಬೆವರುತ್ತಿದೆಯೇ, ನಡೆದಾಗ ಹೆಚ್ಚುತ್ತದೆಯೇ, ಸಕ್ಕರೆ, ಬಿ.ಪಿ. ಇದೆಯೇ, ಬೀಡಿ ಸೇದುತ್ತೀರಾ ಎಂದು ಯಂತ್ರ ಕೇಳಲಿ. ಸಂಶಯವಿದ್ದರೆ ‘108ಕ್ಕೆ ಕರೆ ಮಾಡಿ’ ಎಂಬುದೇ ಅದರ ಮೊದಲ ಮಾತಾಗಲಿ. ಔಷಧಿಯ ಹೆಸರನ್ನಂತೂ ಹೇಳಕೂಡದು: 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ವೈದ್ಯನಿಗೆ ನೆರವಾಗಬಹುದಷ್ಟೆ.

ನೆರವು ದೊಡ್ಡದೇ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಓದಲು ಕೃತಕ ಬುದ್ಧಿಮತ್ತೆಯ ಸಹಾಯ ಪಡೆಯುತ್ತಾರೆ. ಹೃದಯಾಘಾತವೆಂದು ಖಚಿತವಾಗಿ, ಅಗತ್ಯ ಕಂಡರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಅಲ್ಲೇ ಉಚಿತ. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಅದರ ಫಲ ಹೆಚ್ಚು. ಹನ್ನೆರಡು ಗಂಟೆ ದಾಟಿದರೆ ಪ್ರಯೋಜನ ತೀರಾ ಕಡಿಮೆ. ಆದ್ದರಿಂದ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಬೆವರತೊಡಗಿದರೆ ಫೋನಿನಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ, ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಲೂ ಬೇಡಿ. ಅವರನ್ನು ನಡೆಯಲು ಬಿಡದೆ ಒರಗಿಸಿ ಕೂರಿಸಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆ ತಲುಪಿದ ಕೂಡಲೇ ಇಸಿಜಿ ತೆಗೆಯಲು ಕೇಳಿ.