ಜಲಾಶಯ 70 ಪರ್ಸೆಂಟ್ ತುಂಬಿದೆ ಅಂದ್ರೆ ನಂಬಬಹುದಾ? ಡ್ಯಾಶ್‌ಬೋರ್ಡ್ ಕಟ್ಟೋರಿಗೆ ಒಂದು ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಮಾತು ಡ್ಯಾಶ್‌ಬೋರ್ಡ್ ಬಗ್ಗೆ.

ನಾನಿರೋ ಮಾಕಳಿಯಿಂದ ನೆಲಮಂಗಲದ ಕಡೆ ಹೊರಟರೆ ತುಮಕೂರು ರಸ್ತೆಯ ಎರಡೂ ಬದಿ ಗೋದಾಮು, ಫ್ಯಾಕ್ಟರಿ ಕಾಣ್ತವೆ. ಇಂಥ ಕಡೆ ಆಫೀಸ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಮೊದಲು ಸಿಗೋದು ಎಂಐಎಸ್ ಕೆಲಸ. ದಿನಾ ಸಂಜೆ ಎಕ್ಸೆಲ್ ತೆಗೆದು ಸ್ಟಾಕ್ ಎಷ್ಟಿದೆ, ಎಷ್ಟು ಲೋಡ್ ಹೋಯ್ತು ಅಂತ ಮ್ಯಾನೇಜರ್‌ಗೆ ಕಳಿಸಬೇಕು. ಈಗ ಇಂಟರ್‌ವ್ಯೂನಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಪವರ್ ಬಿಐ ಬರುತ್ತಾ?"

ಕಲಿಯೋಕೆ ದುಡ್ಡು ಬೇಕಿಲ್ಲ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಗೂಗಲ್‌ನ ಲುಕರ್ ಸ್ಟುಡಿಯೊ ಬ್ರೌಸರ್‌ನಲ್ಲೇ ನಡೆಯುತ್ತೆ. ಬೇಕಿರೋದು ಒಳ್ಳೆ ಡೇಟಾ. ಅದಕ್ಕೆ ದೂರ ಹೋಗೋದು ಬೇಡ. ನಮ್ಮ ಯಲಹಂಕದಲ್ಲೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂದರೆ ಕೆಎಸ್‌ಎನ್‌ಡಿಎಂಸಿ ಇದೆ. 1988ರಲ್ಲಿ ಬರ ಗಮನಿಸೋ ಘಟಕವಾಗಿ ಶುರುವಾದ ಈ ಸಂಸ್ಥೆ ಮಳೆ ಮತ್ತು ಜಲಾಶಯಗಳ ಅಂಕಿಅಂಶವನ್ನ ದಿನಾ ಕೊಡುತ್ತೆ. ಅದರಲ್ಲಿ ಕಾವೇರಿ ಕಣಿವೆಯ ನಾಲ್ಕು ಜಲಾಶಯ ಸಾಕು. 30 ದಿನದ ಅಂಕಿ ಟೈಪ್ ಮಾಡಿಕೊಂಡರೆ 120 ಸಾಲು ಆಗುತ್ತೆ, ಒಂದು ಸಂಜೆಯ ಕೆಲಸ.

ಮೊದಲು ಪ್ರಶ್ನೆ, ಆಮೇಲೆ ಚಾರ್ಟ್

ಸಾಫ್ಟ್‌ವೇರ್ ತೆರೆಯೋ ಮೊದಲು ಒಂದು ಹಾಳೆಯಲ್ಲಿ ಪ್ರಶ್ನೆ ಬರೀರಿ. ನಮ್ಮದು ಇದು: "ಕಾವೇರಿ ಕಣಿವೆಯಲ್ಲಿ ಇವತ್ತು ಎಷ್ಟು ನೀರಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು?" ಈ ಪ್ರಶ್ನೆಗೆ ಉತ್ತರ ಕೊಡದ ಚಾರ್ಟ್ ಎಷ್ಟೇ ಚೆನ್ನಾಗಿರಲಿ, ಬೇಡ.

ಟೇಬಲ್ ಎರಡಿರಲಿ

ತುಂಬ ಜನ ಎಕ್ಸೆಲ್‌ನಲ್ಲಿ ದಿನಕ್ಕೊಂದು ಕಾಲಮ್ ಮಾಡ್ತಾರೆ. ಕಣ್ಣಿಗೆ ಸುಲಭ, ಬಿಐ ಸಾಫ್ಟ್‌ವೇರ್‌ಗೆ ಕಷ್ಟ. ಬದಲಿಗೆ ದಿನದ ಟೇಬಲ್ ಒಂದು: ತಾರೀಖು, ಜಲಾಶಯ, ಆ ದಿನದ ಸಂಗ್ರಹ. ಸಾಲುಗಳು ಕೆಳಗೆ ಕೆಳಗೆ ಬೆಳೀತಾ ಹೋಗ್ಲಿ. ಜಲಾಶಯದ ಟೇಬಲ್ ಇನ್ನೊಂದು, ಅದರಲ್ಲಿ ಒಂದು ಜಲಾಶಯಕ್ಕೆ ಒಂದೇ ಸಾಲು: ಹೆಸರು, ಪೂರ್ಣ ಸಾಮರ್ಥ್ಯ. ಕೆಆರ್‌ಎಸ್ 49.45 ಟಿಎಂಸಿ, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ಒಟ್ಟು 114.57. ಎರಡೂ ಟೇಬಲನ್ನ ಜಲಾಶಯದ ಹೆಸರಿನಿಂದ ಜೋಡಿಸಿ.

ಹೆಸರು ಮಾತ್ರ ಎಲ್ಲ ಕಡೆ ಒಂದೇ ಥರ ಇರಬೇಕು. ಒಂದು ಕಡೆ "ಕೆಆರ್‌ಎಸ್", ಇನ್ನೊಂದು ಕಡೆ "ಕೃಷ್ಣರಾಜಸಾಗರ" ಅಂತ ಬರೆದರೆ ಸಾಫ್ಟ್‌ವೇರ್‌ಗೆ ಅವು ಎರಡು ಬೇರೆ ಅಣೆಕಟ್ಟು. ತಾರೀಖೂ ಅಷ್ಟೆ. 03/07 ಅನ್ನೋದು ನಮಗೆ ಜುಲೈ 3. ಅಮೆರಿಕದ ಸೆಟ್ಟಿಂಗ್ ಇದ್ದರೆ ಮಾರ್ಚ್ 7 ಆಗುತ್ತೆ.

70ಕ್ಕೂ 54ಕ್ಕೂ ಎಷ್ಟು ದೂರ?

ಈಗ ಈ ಸಂಚಿಕೆಯ ಮುಖ್ಯ ವಿಷಯ. ಒಂದು ದಿನ ಹಾರಂಗಿ, ಕಬಿನಿ ಎರಡೂ 100 ಪರ್ಸೆಂಟ್ ತುಂಬಿವೆ, ಹೇಮಾವತಿ 50, ಕೆಆರ್‌ಎಸ್ 30 ಅಂತ ಇಟ್ಕೊಳ್ಳಿ. ಪರ್ಸೆಂಟ್ ಕಾಲಮ್ ಎಳೆದು ಕಾರ್ಡ್ ಮೇಲೆ ಹಾಕಿ ಆವರೇಜ್ ಒತ್ತಿದರೆ 70 ಪರ್ಸೆಂಟ್ ಅಂತ ಬರುತ್ತೆ. ನೋಡಿದವರಿಗೆ ಸಮಾಧಾನ.

ಈಗ ನೀರನ್ನೇ ಲೆಕ್ಕ ಹಾಕಿ. 8.50, 19.52, 18.55, 14.84 ಕೂಡಿದರೆ 61.4 ಟಿಎಂಸಿ. 114.57ರಲ್ಲಿ ಇದು 54 ಪರ್ಸೆಂಟ್ ಕೂಡ ಮುಟ್ಟಲ್ಲ. ಪುಟ್ಟ ಹಾರಂಗಿಗೂ ದೊಡ್ಡ ಕೆಆರ್‌ಎಸ್‌ಗೂ ಆವರೇಜ್ ಒಂದೇ ತೂಕ ಕೊಟ್ಟುಬಿಡ್ತು. ವ್ಯತ್ಯಾಸ ಸುಮಾರು 19 ಟಿಎಂಸಿ. ಅಂದರೆ ಹೆಚ್ಚುಕಮ್ಮಿ ಒಂದು ಕಬಿನಿ ಜಲಾಶಯದಷ್ಟು ನೀರು ಬರೀ ಸ್ಕ್ರೀನ್ ಮೇಲೆ ಮಾತ್ರ ಇದೆ!

2023ರ ಬರ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ಮಂಡ್ಯದ ನಾಲೆಗೆ ನೀರು ಬಿಡಬೇಕಾ, ಬೆಂಗಳೂರಿಗೆ ಕುಡಿಯೋಕೆ ಎಷ್ಟು ಉಳಿಸಬೇಕು ಅನ್ನೋ ಮಾತು ನಿಲ್ಲೋದೇ ಇಂಥ ಒಂದು ಸಂಖ್ಯೆಯ ಮೇಲೆ.

ಪರಿಹಾರ ಸರಳ. ಪರ್ಸೆಂಟನ್ನ ಕಾಲಮ್ಮಾಗಿ ಇಟ್ಟುಕೊಳ್ಳಬೇಡಿ, ಮೆಷರ್ ಬರೀರಿ. ಸಂಗ್ರಹದ ಮೊತ್ತವನ್ನ ಸಾಮರ್ಥ್ಯದ ಮೊತ್ತದಿಂದ ಭಾಗಿಸಬೇಕು. ಪವರ್ ಬಿಐನಲ್ಲಿ ಅದಕ್ಕೆ ಡಿವೈಡ್ ಫಂಕ್ಷನ್ ಇದೆ. ಒಂದೇ ಜಲಾಶಯ ಆರಿಸಿದರೆ ಅದರ ಪರ್ಸೆಂಟ್, ನಾಲ್ಕೂ ಆರಿಸಿದರೆ ಕಣಿವೆಯ ಪರ್ಸೆಂಟ್, ಎರಡೂ ಸರಿಯಾಗಿ ಬರುತ್ತೆ.

ಸ್ಟಾಕ್ ಬೇರೆ, ಲೋಡ್ ಬೇರೆ

ಇನ್ನೊಂದು ಬಲೆ ಇದೆ. ಕೆಆರ್‌ಎಸ್‌ನಲ್ಲಿ ವಾರವಿಡೀ 30 ಟಿಎಂಸಿ ಇತ್ತು ಅಂದ್ಕೊಳ್ಳಿ. ಏಳು ದಿನ ಆರಿಸಿ ಸಮ್ ಹಾಕಿದರೆ 210 ಟಿಎಂಸಿ! 49.45 ಹಿಡಿಯೋ ಅಣೆಕಟ್ಟಿನಲ್ಲಿ. ಸಂಗ್ರಹವನ್ನ ಜಲಾಶಯದಿಂದ ಜಲಾಶಯಕ್ಕೆ ಕೂಡಬಹುದು, ದಿನದಿಂದ ದಿನಕ್ಕೆ ಕೂಡಬಾರದು. ಆರಿಸಿದ ಅವಧಿಯ ಕೊನೇ ದಿನದ ಅಂಕಿ ತೋರಿಸಬೇಕು. ಮಳೆಯನ್ನಾದರೆ ದಿನದಿಂದ ದಿನಕ್ಕೆ ಕೂಡಬಹುದು.

ನಮ್ಮ ಗೋದಾಮಿನ ಲೆಕ್ಕವೂ ಇದೇ. ಸ್ಟಾಕ್ ಅಂದ್ರೆ ಜಲಾಶಯದ ನೀರು, ಕೊನೇ ದಿನದ್ದು ಮಾತ್ರ. ಹೋದ ಲೋಡ್ ಅಂದ್ರೆ ಮಳೆ, ಕೂಡುತ್ತಾ ಹೋಗಬಹುದು. ಇಂಟರ್‌ವ್ಯೂನಲ್ಲಿ ಇದೊಂದನ್ನ ವಿವರಿಸಿ ಹೇಳಿದರೆ, ಹತ್ತು ಬಣ್ಣದ ಚಾರ್ಟ್ ತೋರಿಸೋದಕ್ಕಿಂತ ಮೇಲು.

ಪುಟ ಜೋಡಿಸುವಾಗ

ನೀರಿನ ಮಟ್ಟವನ್ನ ಒಂದೇ ಬಾರ್ ಚಾರ್ಟ್‌ನಲ್ಲಿ ಹಾಕಬೇಡಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಲಿಂಗನಮಕ್ಕಿಯದು ಸಮುದ್ರಮಟ್ಟದಿಂದ 1,819 ಅಡಿ, ಆಲಮಟ್ಟಿಯದನ್ನ ಮೀಟರ್‌ನಲ್ಲಿ ಹೇಳ್ತಾರೆ, 519.60. ಇವನ್ನ ಪಕ್ಕಪಕ್ಕ ನಿಲ್ಲಿಸಿದರೆ ಕೆಆರ್‌ಎಸ್ ಬತ್ತಿಹೋದ ಹಾಗೆ ಕಾಣುತ್ತೆ. ಹೋಲಿಸೋಕೆ ಪರ್ಸೆಂಟೇ ಸರಿ.

ಒಂದು ದಿನ ಹೇಮಾವತಿಯ ಅಂಕಿ ಬರಲಿಲ್ಲ ಅಂದ್ರೆ ಅದು ಸೊನ್ನೆ ಅಲ್ಲ, ಖಾಲಿ. ಹಾಗೇ ಬಿಟ್ಟರೆ ಕಣಿವೆಯಲ್ಲೇ ನೀರು ಕುಸಿದಂತೆ ತೋರುತ್ತೆ. ಅದಕ್ಕೆ ಮೇಲ್ಗಡೆ "4ರಲ್ಲಿ 3 ಜಲಾಶಯದ ಅಂಕಿ ಬಂದಿದೆ" ಅನ್ನೋ ಸಾಲು, ಜೊತೆಗೆ ಕೊನೆಯ ಅಪ್‌ಡೇಟ್ ತಾರೀಖು ಇರಲಿ.

ಮ್ಯಾನೇಜರ್ ನೋಡೋದು ಫೋನ್‌ನಲ್ಲೇ. ಪವರ್ ಬಿಐನಲ್ಲಿ ಮೊಬೈಲ್ ಲೇಔಟ್ ಬೇರೆಯಾಗಿ ಜೋಡಿಸಬಹುದು: ಮೇಲೆ ಒಂದು ದೊಡ್ಡ ಸಂಖ್ಯೆ, ಕೆಳಗೆ ಹೋದ ವರ್ಷದ ಜೊತೆ ಹೋಲಿಸೋ ಗೆರೆ, ಅದರ ಕೆಳಗೆ ನಾಲ್ಕು ಬಾರ್. ಸಾಕು.

ಕೊನೇ ಎಚ್ಚರಿಕೆ. ಪವರ್ ಬಿಐನಲ್ಲಿ "ಪಬ್ಲಿಶ್ ಟು ವೆಬ್" ಅನ್ನೋ ಆಯ್ಕೆ ಇದೆ. ಜಲಾಶಯದ ಡೇಟಾಗೆ ಧಾರಾಳವಾಗಿ ಬಳಸಿ. ಕಂಪನಿ ಡೇಟಾಗೆ ಮಾತ್ರ ಬೇಡವೇ ಬೇಡ, ಯಾಕಂದ್ರೆ ಆ ಲಿಂಕ್ ಸಿಕ್ಕವರೆಲ್ಲ ಲಾಗಿನ್ ಇಲ್ಲದೇ ನೋಡಬಹುದು.

ಮಾಡಿ ಮುಗಿಸಿದ ಮೇಲೆ ಒಂದು ದಿನ ಆರಿಸಿ, ಒಟ್ಟು ಸಂಖ್ಯೆಯನ್ನ ಕ್ಯಾಲ್ಕುಲೇಟರ್‌ನಲ್ಲಿ ಕೈಯಾರೆ ಲೆಕ್ಕ ಹಾಕಿ. ಎರಡೂ ತಾಳೆಯಾದರೆ ಮಾತ್ರ ಇನ್ನೊಬ್ಬರಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.