ಹೆಗಲಿನಿಂದ ಸೊಂಟಕ್ಕೆ ಇಳಿದ ಭಾರ

ತಿಂಗಳುಗಟ್ಟಲೆ ಪರದೇಶ ಸುತ್ತುವವರು ಬೆನ್ನಿಗೇರಿಸುವ ಬ್ಯಾಕ್‌ಪ್ಯಾಕ್ ನೋಡುವುದಕ್ಕೆ ಚೀಲ. ಮಾಡುವ ಕೆಲಸ ಮಾತ್ರ ಬೇರೆ: ಭಾರವನ್ನು ಹೆಗಲಿನಿಂದ ಇಳಿಸಿ ಸೊಂಟದ ಮೂಳೆಗೆ ಒಪ್ಪಿಸುವುದು. ಈ ಕೆಲಸ ಸರಿಯಾಗಿ ಆದರೆ ಚೀಲ ಹಿತ, ಆಗದಿದ್ದರೆ ಎಷ್ಟು ಬೆಲೆ ಕೊಟ್ಟರೂ ಶಿಕ್ಷೆ. ಅದನ್ನು ಕಂಡುಕೊಳ್ಳಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ಭಾರ ಹೊರುವ ಹಳೆಯ ವಿದ್ಯೆ ಪಾಂಡವಪುರದ ಸುತ್ತಮುತ್ತ ಇಂದಿಗೂ ಕಣ್ಣಿಗೆ ಬೀಳುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಕೂಲಿಯವರು ತಲೆಗೆ ಬಟ್ಟೆಯ ಸಿಂಬೆ ಸುತ್ತಿ, ಜಲ್ಲೆಯ ಕಟ್ಟನ್ನು ಅದರ ಮೇಲಿಟ್ಟು, ಹಲಗೆ ಹತ್ತಿ ಲಾರಿಗೆ ತುಂಬುತ್ತಾರೆ. ತಲೆಯ ಮೇಲಿನ ಹೊರೆ ಬೆನ್ನೆಲುಬಿನ ನೇರಕ್ಕೆ ನಿಲ್ಲುತ್ತದೆ. ಮುಂದಕ್ಕೂ ಎಳೆಯದು, ಹಿಂದಕ್ಕೂ ಜಗ್ಗದು. ಬೆನ್ನಿನ ಚೀಲಕ್ಕೆ ಈ ಅನುಕೂಲವಿಲ್ಲ. ಅದು ಹಿಂದಕ್ಕೆಳೆಯುತ್ತದೆ, ಹೊತ್ತವರು ಮುಂದಕ್ಕೆ ಬಾಗಿ ಸರಿದೂಗಿಸಬೇಕು. ಚೀಲದ ಸುಧಾರಣೆಯ ಇತಿಹಾಸವೆಲ್ಲ ಈ ಬಾಗುವಿಕೆಯನ್ನು ಕಡಿಮೆ ಮಾಡುವ ಪ್ರಯತ್ನವೇ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ದೇಹದ ಬಳಿ ಬಾಗಿಸಿದ ಕೋಲು ಮತ್ತು ಹಲಗೆಯ ತುಂಡುಗಳಿದ್ದವು. ಅವು ಬೆನ್ನಿಗೆ ಹೊರುವ ಚೌಕಟ್ಟಿನ ಭಾಗಗಳೆಂದು ಸಂಶೋಧಕರು ಗುರುತಿಸಿದರು. ಆದರೆ ಸೈನ್ಯದ ಚೀಲಗಳು ಬಹುಕಾಲ ಚೌಕಟ್ಟಿಲ್ಲದೆಯೇ ಇದ್ದವು. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಪಾಂಡವಪುರವನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ಆ ಕಾಲದ ಯುರೋಪಿನ ಕಾಲಾಳುಗಳ ಬೆನ್ನುಚೀಲ ತೊಗಲಿನದು, ಇಲ್ಲವೇ ದಪ್ಪ ಬಟ್ಟೆಯದು. ಅದರ ಪೂರ್ತಿ ಭಾರ ಎರಡು ಪಟ್ಟಿಗಳ ಮೂಲಕ ಹೆಗಲ ಮೇಲೆಯೇ ಬೀಳುತ್ತಿತ್ತು.

20ನೇ ಶತಮಾನದ ಮೊದಲ ದಶಕದಲ್ಲಿ ನಾರ್ವೆಯ ಓಲೆ ಬರ್ಗನ್ ಬೆನ್ನಿನ ಆಕಾರಕ್ಕೆ ಬಾಗಿದ ಚೌಕಟ್ಟನ್ನು ಚೀಲಕ್ಕೆ ಜೋಡಿಸಿದರು. ಬ್ರಿಟಿಷ್ ಸೈನಿಕರು ತಮ್ಮ ದೊಡ್ಡ ಬೆನ್ನುಚೀಲವನ್ನು ಈಗಲೂ ಬರ್ಗನ್ ಎಂದೇ ಕರೆಯುತ್ತಾರೆ. ನಿಜವಾದ ತಿರುವು ಬಂದದ್ದು ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅವರಿಂದ. ಬೆಟ್ಟ ಹತ್ತುವಾಗ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿದಾಗ ಹೆಗಲು ಹಗುರಾಯಿತು. ಸೊಂಟದ ಪಟ್ಟಿಯ ಆಲೋಚನೆ ಹುಟ್ಟಿದ್ದು ಹಾಗೆ ಎಂದು ಹೇಳಲಾಗುತ್ತದೆ. 1952ರಲ್ಲಿ ಅವರು ಮನೆಯಲ್ಲೇ ಅಲ್ಯೂಮಿನಿಯಂ ಕೊಳವೆ ಬಾಗಿಸಿ ಚೌಕಟ್ಟು ಮಾಡಿದರು, ಪತ್ನಿ ನೀನಾ ಚೀಲ ಹೊಲಿದರು. 1963ರ ಅಮೆರಿಕನ್ ಎವರೆಸ್ಟ್ ತಂಡ ಕೆಲ್ಟಿ ಚೀಲಗಳನ್ನೇ ಒಯ್ದಿತು. 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದೊಳಕ್ಕೆ ಸೇರಿಸಿ ಭಾರವನ್ನು ಬೆನ್ನಿಗೆ ಇನ್ನಷ್ಟು ಹತ್ತಿರ ತಂದರು. ಬಸ್ಸು, ರೈಲು, ವಿಮಾನಗಳಲ್ಲಿ ಸಾಗುವ ಪ್ರಯಾಣಿಕರಿಗೂ ಇದೇ ಒಗ್ಗಿತು, ಹೊರಗೆ ಚಾಚಿಕೊಂಡು ಸಿಕ್ಕಿಬೀಳುವ ಕೊಳವೆ ಇಲ್ಲವಲ್ಲ! ಯುರೋಪಿನಿಂದ ಕಾಬೂಲ್ ಮಾರ್ಗವಾಗಿ ಭಾರತಕ್ಕೆ ಭೂಮಾರ್ಗದಲ್ಲೇ ಬರುತ್ತಿದ್ದ ಯುವಕರ ಕಾಲವೂ ಅದೇ. ಕರ್ನಾಟಕದಲ್ಲಿ ಇಂಥ ಚೀಲಗಳ ತಯಾರಿಕೆ ಬೇರುಬಿಟ್ಟದ್ದು ತಡವಾಗಿ. 1990ರ ದಶಕದಲ್ಲಿ ಬೆಂಗಳೂರಿನ ಚಾರಣಪ್ರಿಯರು ಕಟ್ಟಿದ ವೈಲ್ಡ್‌ಕ್ರಾಫ್ಟ್ ಡೇರೆಯಿಂದ ಆರಂಭಿಸಿ ಬೆನ್ನುಚೀಲಗಳಿಗೆ ಹೆಸರಾಯಿತು.

ಚೀಲ ಆರಿಸುವಾಗ ಮೊದಲು ಅಳೆಯಬೇಕಾದದ್ದು ಬೆನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಮೂಳೆಗಳ ಮೇಲ್ತುದಿಯನ್ನು ಸೇರಿಸುವ ಗೆರೆಯವರೆಗಿನ ಉದ್ದವೇ ಚೀಲದ ಅಳತೆ. ಆಳಿನ ಎತ್ತರ ನೋಡಿ ಕೊಳ್ಳುವುದು ತಪ್ಪು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಬೆನ್ನು ಗಿಡ್ಡ, ಕಾಲು ಉದ್ದ ಇರಬಹುದು. ಚೀಲ ತೊಡುವ ಕ್ರಮವೂ ಮುಖ್ಯ. ಪಟ್ಟಿಗಳನ್ನೆಲ್ಲ ಸಡಿಲಿಸಿ, ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಮೊದಲು ಬಿಗಿಯಬೇಕು, ಆಮೇಲೆ ಹೆಗಲ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ, ಕೆಳಗೆ ಜಾರಿದರೆ ತೊಡೆ ಎತ್ತಲು ಅಡ್ಡಿಯಾಗುತ್ತದೆ. ಸಾಮಾನು ತುಂಬುವಾಗ ಭಾರದ ವಸ್ತುಗಳು ಬೆನ್ನಿಗೆ ತಾಗಿ, ನಡು ಎತ್ತರದಲ್ಲಿರಬೇಕು.

ದೊಡ್ಡ ಚೀಲವಿದ್ದರೆ ಅದು ತುಂಬಿಯೇ ತುಂಬುತ್ತದೆ. ನಾಲ್ಕೈದು ಜೊತೆ ಬಟ್ಟೆ ಒಗೆದು ಹಾಕಿಕೊಳ್ಳುವವರಿಗೆ 40 ರಿಂದ 50 ಲೀಟರ್ ಸಾಕು. ವಾರದ ಪ್ರವಾಸಕ್ಕೂ ಆರು ತಿಂಗಳಿನದಕ್ಕೂ ಬಟ್ಟೆಯ ಲೆಕ್ಕ ಒಂದೇ. ನಮ್ಮ ವಿಮಾನ ಸಂಸ್ಥೆಗಳಲ್ಲಿ ಸಾಮಾನ್ಯ ದರ್ಜೆಯವರ ಕೈಚೀಲದ ಮಿತಿ ಹೆಚ್ಚಾಗಿ 7 ಕಿಲೊ. ಚೀಲವೇ 2 ಕಿಲೊ ತೂಗಿದರೆ ಉಳಿಯುವುದು ಐದೇ. ತೂಕದ ವಿಷಯದಲ್ಲಿ ರಾಜ್ಯದ ಮಕ್ಕಳಿಗೊಂದು ಮಿತಿ ಇದೆ: ಶಾಲಾ ಚೀಲ ಮಗುವಿನ ತೂಕದ ಶೇ 10 ಮೀರಬಾರದೆಂದು 2019ರಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ದೊಡ್ಡವರಿಗೆ ದೇಹತೂಕದ ಐದನೇ ಒಂದು ಪಾಲು ಗರಿಷ್ಠವೆಂಬುದು ಚಾರಣಿಗರ ರೂಢಿ. ನಗರದಿಂದ ನಗರಕ್ಕೆ ಹೋಗುವ ಪ್ರವಾಸಿಗೆ ಅದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೇಲಿನಿಂದ ಮಾತ್ರ ತೆರೆಯುವ ಚೀಲಕ್ಕಿಂತ ಸುತ್ತ ಜಿಪ್ ಇರುವ, ಪೆಟ್ಟಿಗೆಯಂತೆ ಬಿಚ್ಚುವ ಚೀಲ ಇಂಥವರಿಗೆ ಅನುಕೂಲ. ಮೊದಲು ಕೆಡುವುದು ಬಟ್ಟೆಯಲ್ಲ, ಜಿಪ್ಪು ಮತ್ತು ಬಕಲ್. ಅಂಗಡಿಯಲ್ಲಿ ಎಳೆದು, ಹಾಕಿ, ತೆಗೆದು ನೋಡಬೇಕಾದದ್ದು ಅವನ್ನೇ.

ಖಾಲಿ ಚೀಲ ಯಾರ ಬೆನ್ನಿಗೂ ಹಿತವೇ. ಆದ್ದರಿಂದ ಒಯ್ಯಲಿರುವ ಅಷ್ಟೂ ಸಾಮಾನು ತುಂಬಿ ಒಮ್ಮೆ ಗಂಟೆಗಟ್ಟಲೆ ನಡೆಯಬೇಕು. ಪಾಂಡವಪುರದವರಿಗೆ ಕುಂತಿಬೆಟ್ಟದ ಬಂಡೆಯ ಏರುದಾರಿ ಊರ ಪಕ್ಕದಲ್ಲೇ ಇದೆ, ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳೂ ದೂರವಿಲ್ಲ. ಹತ್ತಿಳಿದ ಮೇಲೆ ಹೆಗಲು ಉರಿಯುತ್ತಿದ್ದರೆ ಮೊದಲು ಪಟ್ಟಿಗಳನ್ನು ಸರಿಪಡಿಸಿ, ಸಾಮಾನು ತಗ್ಗಿಸಿ ಇನ್ನೊಮ್ಮೆ ಹತ್ತಿ. ಆಗಲೂ ಉರಿದರೆ ಆ ಚೀಲ ನಿಮ್ಮ ಬೆನ್ನಿನದಲ್ಲ. ಟಿಕೆಟ್ ದಿನಾಂಕ ಬರುವ ಮುಂಚೆ ಬದಲಿಸಿಕೊಳ್ಳಿ.