ಹಗೇವಿನ ಕಾಳು, ಹೊಲದ ಬೆಳೆ: ಶಕ್ತಿಯ ಲೆಕ್ಕ



ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿಗೆ ತುಂಬಿ, ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದರು. ಹೊಸ ಬೆಳೆ ಬಾರದೆ ಹಗೇವನ್ನೇ ತೋಡುತ್ತ ಹೋದರೆ ತಳ ಕಾಣುವುದು ಖಂಡಿತ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು.

ನಾವು ಬಳಸುವ ಶಕ್ತಿಯಲ್ಲಿಯೂ ಇವೇ ಎರಡು ಬಗೆ. ಕಲ್ಲಿದ್ದಲು, ಡೀಸೆಲ್, ಸೀಮೆಎಣ್ಣೆ ಇವು ಹಗೇವಿನ ಕಾಳು. ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಗಿಡಮರ, ಜೀವಿಗಳಿಂದ ಆದವು. ಸುಟ್ಟರೆ ಮತ್ತೆ ಹುಟ್ಟವು. ಬಿಸಿಲು, ಗಾಳಿ, ಹರಿಯುವ ನೀರು, ಸೆಗಣಿ ಇವು ಹೊಲದ ಬೆಳೆಯಂತೆ. ತೆಗೆದಷ್ಟೂ ಮತ್ತೆ ಬರುತ್ತವೆ.

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಎರಡೂ ಇವೆ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವಾಟ್ ವಿದ್ಯುತ್ ತೆಗೆಯುವ ಘಟಕಗಳಿವೆ. ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳು 2017 ಮತ್ತು 2018ರಲ್ಲಿ ಉತ್ಪಾದನೆಗೆ ಬಂದವು. ಅಲ್ಲಿ ಉರಿಯುವುದು ಕಲ್ಲಿದ್ದಲು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಅದು ಹೊರಗಿನಿಂದಲೇ ಬರಬೇಕು. ಒಂದು ಯೂನಿಟ್ಟಿಗೆ ಅರ್ಧ ಕಿಲೋಗೂ ಮೇಲ್ಪಟ್ಟು ಕಲ್ಲಿದ್ದಲು ಬೇಕು. 5 ಎಚ್.ಪಿ. ಪಂಪು ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತದೆ. ಅದು ಏಳು ತಾಸು ಓಡಿದರೆ 14 ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿದಂತಾಯಿತು.

ಚಡಚಣ ಭಾಗದಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಪಿಎಂ-ಕುಸುಮ್ ಯೋಜನೆಯಲ್ಲಿ ಸೌರ ಪಂಪಿಗೆ ಸಹಾಯಧನವುಂಟು. ಅದರ ಪ್ರಮಾಣ ಕಾಲಕಾಲಕ್ಕೆ ಬದಲಾಗುವುದರಿಂದ ಹತ್ತಿರದ ಕಚೇರಿಯಲ್ಲಿಯೇ ವಿಚಾರಿಸಿರಿ. ಮಧ್ಯವರ್ತಿಗಳ ಕೈಗೆ ಮುಂಗಡ ಕೊಡಬೇಡಿರಿ. ಸೌರ ಪಂಪು ಹಗಲಿನಲ್ಲಿ ಓಡುವುದರಿಂದ, ರಾತ್ರಿ ಹಾವು ಚೇಳುಗಳ ನಡುವೆ ನೀರು ಹಾಯಿಸುವ ಕಷ್ಟ ತಪ್ಪುತ್ತದೆ. ಫಲಕಗಳ ಮೇಲೆ ಗಿಡದ ನೆರಳು ಬೀಳಬಾರದು. ಧೂಳನ್ನು ಮುಂಜಾನೆ ತಂಪು ಹೊತ್ತಿನಲ್ಲಿ ಮೆತ್ತನೆಯ ಬಟ್ಟೆಯಿಂದ ಒರೆಸಿರಿ; ಕಾದ ಗಾಜಿಗೆ ತಣ್ಣೀರು ಎರಚಬೇಡಿರಿ.

ಇಲ್ಲೊಂದು ಎಚ್ಚರಿಕೆ. ಈ ಭಾಗದ ಸಭೆಯೊಂದರಲ್ಲಿ ರೈತರೊಬ್ಬರು, "ಸಾಹೇಬರ, ಬಿಸಿಲಿಗಿ ಬಿಲ್ ಇಲ್ಲಲ್ರೀ, ದಿನಾ ಸಂಜೀತನಾ ಹಚ್ಚಿಟ್ರ ಏನಾತು?" ಎಂದು ಕೇಳಿದರು. ಆಗುವುದಿಷ್ಟೇ: ಬಿಸಿಲು ಮುಗಿಯದು, ಕೊಳವೆಬಾವಿ ಮುಗಿದೀತು. ಬಿಸಿಲು ದಿನವೂ ಬರುತ್ತದೆ. ಅಂತರ್ಜಲ ತುಂಬುವುದು ಮಳೆಯಿಂದ, ಅದೂ ನಿಧಾನವಾಗಿ. ನಮ್ಮಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು ಮಾತ್ರ. ನೆಲದಡಿಯ ನೀರೂ ಒಂದು ಹಗೇವೇ. ಒಮ್ಮೆ ಬಾವಿ ಬತ್ತಿದರೆ, ವರ್ಷಗಟ್ಟಲೆ ಸಾಕಿದ ದಾಳಿಂಬೆ, ನಿಂಬೆ ಗಿಡಗಳನ್ನು ಯಾವ ಫಲಕವೂ ಉಳಿಸಲಾರದು.

ಆದ್ದರಿಂದ ಸೌರ ಪಂಪಿನೊಡನೆ ಈ ಮೂರನ್ನು ತಪ್ಪದೆ ಮಾಡಿರಿ. ಒಂದು, ಹನಿ ನೀರಾವರಿ ಹಾಕಿ, ಬೆಳೆಯ ಅಗತ್ಯಕ್ಕೆ ತಕ್ಕಂತೆ ತಾಸು ಗೊತ್ತುಮಾಡಿ ಪಂಪು ನಿಲ್ಲಿಸಿರಿ. ಎರಡು, ಹೊಲದ ಇಳಿಜಾರಿನಲ್ಲಿ ಕೃಷಿ ಹೊಂಡ ತೋಡಿರಿ. ಮೂರು, ಮಳೆನೀರನ್ನು ಕಲ್ಲು, ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿ ಕೊಳವೆಬಾವಿಗೆ ಇಂಗಿಸಿರಿ. ಕೆಸರು ನೀರನ್ನು ನೇರವಾಗಿ ಬಿಡಬಾರದು.

ಅಡುಗೆಮನೆಯ ಮಾತೂ ಇದೆ. ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಹೊಲದ ಗೊಬ್ಬರವನ್ನೇ ಸುಟ್ಟಂತೆ. ಮನೆಯ ತಾಯಂದಿರಿಗೆ ಸಿಗುವುದು ಹೊಗೆ. ನಾಲ್ಕೈದು ದನಗಳಿದ್ದು ದಿನಕ್ಕೆ 50 ಕಿಲೋ ಸೆಗಣಿ ಸಿಕ್ಕರೆ, ಅಷ್ಟೇ ನೀರು ಬೆರೆಸಿ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ನಡೆಸಬಹುದು. ಐದಾರು ಜನರ ಅಡುಗೆಗೆ ಅದು ಸಾಕು. ಚಳಿಗಾಲದಲ್ಲಿ ಮಾತ್ರ ಅನಿಲ ತುಸು ಕಡಿಮೆಯಾದೀತು. ಹೊರಬರುವ ಬಗ್ಗಡ ಉತ್ತಮ ಗೊಬ್ಬರ. ಒಂದೇ ಸೆಗಣಿಯಿಂದ ಒಲೆಯೂ ಉರಿಯಿತು, ಹೊಲವೂ ಉಂಡಿತು.

ಹಗೇವು ಬೇಡವೆಂದಲ್ಲ, ಅದು ಆಪತ್ತಿಗೆ. ದಿನದ ಊಟ ಹೊಲದಿಂದಲೇ ಬರಲಿ. ಈ ಮಳೆಗಾಲ ಬರುವ ಮುನ್ನ ನಿಮ್ಮ ಬಾವಿಯ ಪಕ್ಕದಲ್ಲೊಂದು ಇಂಗುಗುಂಡಿ ತೋಡಿರಿ.